ಮಗುವಿಗೆ ಕೊರೊನಾ ಸೋಂಕು: ಮೊದಲ ದಿನದಿಂದ ಆರನೇ ವಾರದವರೆಗೆ ದೇಹ ಮಾಡುವುದೇನು, ಮನೆಯವರು ಮಾಡಬೇಕಾದದ್ದೇನು

ಅಜ್ಜ, ಅಪ್ಪ, ಅಮ್ಮ ಮೂವರೂ ಕೊರೊನಾದಿಂದ ಹಾಸಿಗೆ ಹಿಡಿದಿರುವಾಗ, ಅದೇ ಮನೆಯ ಆರು ವರ್ಷದ ಮಗು ಒಂದು ದಿನ ಮೈ ಬೆಚ್ಚಗೆ ಮಾಡಿಕೊಂಡು ಮಲಗಿ ಮರುದಿನ ಅಂಗಳದಲ್ಲಿ ಆಡುತ್ತಿದ್ದುದನ್ನು 2020 ಮತ್ತು 2021ರಲ್ಲಿ ನಮ್ಮಲ್ಲಿ ಬಹಳ ಜನ ಕಂಡಿದ್ದೇವೆ. ಮಕ್ಕಳಿಗೆ ರೋಗನಿರೋಧಕ ಶಕ್ತಿ ದೊಡ್ಡವರಿಗಿಂತ ಹೆಚ್ಚು, ಆದ್ದರಿಂದ ಅವರ ಬಗ್ಗೆ ಚಿಂತಿಸಬೇಕಿಲ್ಲ ಎಂಬ ಮಾತು ಹುಟ್ಟಿದ್ದು ಆಗಲೇ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮಗುವಿನ ದೇಹ ಈ ವೈರಸ್ಸನ್ನು ತಡೆಯುವ ಜಾಗವೂ ಬೇರೆ, ತಡೆಯುವ ಹೊತ್ತೂ ಬೇರೆ. ಬಹುಪಾಲು ಕೆಲಸ ಮೂಗಿನಲ್ಲೇ, ಮೊದಲ ಎರಡು ಮೂರು ದಿನಗಳಲ್ಲೇ ಮುಗಿದುಬಿಡುತ್ತದೆ. ಆದರೆ ಬಹಳ ಕಡಿಮೆ ಮಕ್ಕಳಲ್ಲಿ, ಸೋಂಕು ಮರೆತೇ ಹೋದ ಮೇಲೆ, ಎರಡರಿಂದ ಆರು ವಾರಗಳ ನಡುವೆ, ಅದೇ ರೋಗನಿರೋಧಕ ವ್ಯವಸ್ಥೆ ಹಿಡಿತ ತಪ್ಪಿ ಹೃದಯದವರೆಗೂ ಹಾನಿ ಮಾಡಬಲ್ಲದು. ಮೊದಲ ವಾರದಲ್ಲಿ ಅಗತ್ಯಕ್ಕಿಂತ ಹೆಚ್ಚು ಗಾಬರಿಯಾಗುವ ಮನೆಯವರೇ ನಾಲ್ಕನೇ ವಾರದಲ್ಲಿ ಮೈಮರೆಯುವುದು ನನ್ನ ಕಳವಳ. ಆದ್ದರಿಂದ ಈ ಬರಹವನ್ನು ದಿನಗಳ ಕ್ರಮದಲ್ಲಿ ಹೊಂದಿಸಿದ್ದೇನೆ. ಇಲ್ಲಿರುವುದು ಮನೆಯವರಿಗೆ ಬೇಕಾದ ತಿಳಿವಳಿಕೆ ಮಾತ್ರ. ಮಗುವನ್ನು ಮುಟ್ಟಿ ನೋಡಿದ ವೈದ್ಯರು ಬೇರೆ ಹೇಳಿದರೆ ಅವರ ಮಾತೇ ಅಂತಿಮ.

ಮೊದಲ ಹೆಜ್ಜೆ: ಕ್ಯಾಲೆಂಡರಿನಲ್ಲಿ ದಿನಾಂಕ ಬರೆಯಿರಿ

ಮಗುವಿಗೆ ಜ್ವರವೋ ನೆಗಡಿಯೋ ಶುರುವಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಗುವಿಗೆ ಏನೂ ಆಗದೆ ಮನೆಯ ಇನ್ನೊಬ್ಬರಿಗೆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದಿದ್ದರೂ ಆ ದಿನವನ್ನು ಬರೆಯಿರಿ. ಅಲ್ಲಿಂದ ಆರು ವಾರ ಎಣಿಸಿ, ಆ ಕೊನೆಯ ದಿನಕ್ಕೂ ಒಂದು ಸುತ್ತು ಹಾಕಿ. ಇದಕ್ಕೆ ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಈ ಲೇಖನದಲ್ಲಿ ಒಂದೇ ಒಂದು ಸಲಹೆಯನ್ನು ಉಳಿಸಿಕೊಳ್ಳುವಂತಿದ್ದರೆ ನಾನು ಉಳಿಸಿಕೊಳ್ಳುವುದು ಇದನ್ನೇ.

ಏನೂ ಆಗದ ಮಗುವಿನ ಹೆಸರಿನಲ್ಲೂ ಬರೆಯಬೇಕೆಂದು ಹೇಳಲು ಕಾರಣವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2021ರ ಜೂನ್ ಮತ್ತು ಜುಲೈ ತಿಂಗಳಲ್ಲಿ ದೇಶದ 70 ಜಿಲ್ಲೆಗಳಲ್ಲಿ ರಕ್ತದ ಪ್ರತಿಕಾಯಗಳ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೊಟೀನ್‌ಗಳ, ಸಮೀಕ್ಷೆ ನಡೆಸಿದಾಗ, 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಹಾಗೂ 10ರಿಂದ 17 ವರ್ಷದವರಲ್ಲಿ ಶೇ 61.6ರಷ್ಟು ಮಂದಿಗೆ ಆಗಲೇ ಸೋಂಕು ತಗಲಿ ಹೋಗಿತ್ತೆಂದು ತಿಳಿದುಬಂತು. ಕರ್ನಾಟಕದಿಂದ ಬೆಂಗಳೂರು ನಗರ, ಚಿತ್ರದುರ್ಗ ಮತ್ತು ಕಲಬುರಗಿ ಜಿಲ್ಲೆಗಳು ಆ ಸಮೀಕ್ಷೆಯಲ್ಲಿದ್ದವು. ಮಕ್ಕಳಿಗೆ ಆಗ ಲಸಿಕೆ ಇನ್ನೂ ಬಂದಿರಲಿಲ್ಲವಾದ್ದರಿಂದ ಆ ಪ್ರತಿಕಾಯಗಳೆಲ್ಲ ಸೋಂಕಿನಿಂದಲೇ ಹುಟ್ಟಿದಂಥವು. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕಾಗಿತ್ತು, ಆದರೆ ಅವರಲ್ಲಿ ಬಹುತೇಕರ ಮನೆಯವರಿಗೆ ಅದರ ಸುಳಿವೇ ಇರಲಿಲ್ಲ. ತಡವಾಗಿ ಬರುವ ತೊಡಕು ಹೀಗೆ ಸದ್ದಿಲ್ಲದೆ ಸೋಂಕು ತಗಲಿ ಹೋದ ಮಗುವಿಗೂ ಬರಬಹುದು.

ಎರಡನೇ ಹೆಜ್ಜೆ: ಮೊದಲ ಮೂರು ದಿನ ಮೂಗಿನ ಕಾವಲಿಗೆ ಅಡ್ಡಿ ಬರಬೇಡಿ

ಮೂಗು ಮತ್ತು ಗಂಟಲಿನ ಒಳಪದರದ ಪ್ರತಿ ಜೀವಕೋಶದೊಳಗೂ ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ತಳಿವಸ್ತುವನ್ನು, ಗುರುತು ಹಿಡಿಯುವ ಕೆಲವು ಪ್ರೊಟೀನ್‌ಗಳಿರುತ್ತವೆ. ರಿಗ್-ಐ ಮತ್ತು ಎಂಡಿಎ5 ಅವುಗಳಲ್ಲಿ ಮುಖ್ಯವಾದವು. ವೈರಸ್ ಒಳಹೊಕ್ಕಿದ್ದು ಇವಕ್ಕೆ ತಿಳಿದೊಡನೆ ಜೀವಕೋಶವು ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಬಿಡುತ್ತದೆ. ಊರಿಗೆ ಕಳ್ಳ ಬಂದಾಗ ಒಂದು ಮನೆಯವರು ಕೂಗಿದರೆ ಅಕ್ಕಪಕ್ಕದವರು ಬಾಗಿಲು ಭದ್ರ ಮಾಡಿಕೊಳ್ಳುವ ಹಾಗೆ, ಈ ಇಂಟರ್‌ಫೆರಾನ್ ಮುಟ್ಟಿದ ನೆರೆಯ ಜೀವಕೋಶಗಳು ವೈರಸ್ ತಮ್ಮೊಳಗೆ ಬೆಳೆಯದಂತೆ ಸಜ್ಜಾಗುತ್ತವೆ. ಕೊರೊನಾ ವೈರಸ್ಸಿನ ಕೈಚಳಕ ಇರುವುದು ಈ ಕೂಗನ್ನು ತಡಮಾಡಿಸುವುದರಲ್ಲಿ. ದೊಡ್ಡವರಲ್ಲಿ ಆ ತಡದ ಅವಧಿಯಲ್ಲೇ ಅದು ಸಾಕಷ್ಟು ಬೆಳೆದುಕೊಂಡು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮಕ್ಕಳಲ್ಲಿ ಹೀಗಾಗುವುದು ಕಡಿಮೆ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಕ್ಕಳ ಮೂಗಿನ ಜೀವಕೋಶಗಳಲ್ಲಿ ಈ ಗುರುತು ಹಿಡಿಯುವ ಪ್ರೊಟೀನ್‌ಗಳು ಸೋಂಕು ತಗಲುವುದಕ್ಕೆ ಮೊದಲೇ ದೊಡ್ಡವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸಿದ್ಧವಾಗಿರುತ್ತವೆ. ಅದರ ಜೊತೆಗೆ ರೋಗನಿರೋಧಕ ಜೀವಕೋಶಗಳೂ ಅಲ್ಲಿ ಹೆಚ್ಚು ಸಂಖ್ಯೆಯಲ್ಲಿ ಬೀಡುಬಿಟ್ಟಿರುತ್ತವೆ. ಲಂಡನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವೂ ಮಕ್ಕಳ ಶ್ವಾಸನಾಳದಲ್ಲಿ ಇಂಟರ್‌ಫೆರಾನಿನ ಸಿದ್ಧತೆ ಮೊದಲೇ ಇರುತ್ತದೆಂಬುದನ್ನು ಕಂಡಿತು. ಅದೇ ಅಧ್ಯಯನದಲ್ಲಿ ಮಕ್ಕಳ ರಕ್ತದಲ್ಲಿ, ಇನ್ನೂ ಯಾವ ರೋಗಾಣುವಿನ ಪರಿಚಯವೂ ಆಗದ ಹೊಸ ಟಿ ಜೀವಕೋಶಗಳು (ರೋಗಾಣುವಿನೊಡನೆ ಹೋರಾಡುವ ಒಂದು ಬಗೆಯ ಬಿಳಿರಕ್ತಕಣಗಳು) ಹೇರಳವಾಗಿ ಕಂಡುಬಂದವು. ಎದೆಗೂಡಿನ ಥೈಮಸ್ ಗ್ರಂಥಿ ಬಾಲ್ಯದಲ್ಲಿ ದೊಡ್ಡದಾಗಿದ್ದು ಇಂಥ ಜೀವಕೋಶಗಳನ್ನು ನಿತ್ಯ ತಯಾರಿಸುತ್ತದೆ. ವಯಸ್ಸಾದಂತೆ ಅದು ಕುಗ್ಗುತ್ತದೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಹುಟ್ಟಿದಾಗಿನಿಂದ ವಾರ ವಾರ ಮೂಗಿನ ಮಾದರಿ ಕೊಡುತ್ತ ಬಂದ ಎಳೆಯ ಮಕ್ಕಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಪರಿಶೀಲಿಸಿ 2023ರಲ್ಲಿ ವರದಿ ಮಾಡಿದ ಸಂಗತಿ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ: ಸೋಂಕು ತಗಲಿದ ಶಿಶುವಿನ ಮೂಗಿನಲ್ಲಿ ಉರಿಯೂತದ ವಸ್ತುಗಳು ಏರಿದ್ದವು, ರಕ್ತ ಮಾತ್ರ ಶಾಂತವಾಗಿತ್ತು. ಕೋವಿಡ್ ತೀವ್ರವಾದ ವಯಸ್ಕರಲ್ಲಿ ಕಾಣುವುದು ರಕ್ತದ ತುಂಬ ಹರಡಿದ ಉರಿಯೂತ.

ಮನೆಯ ಆರೈಕೆಯ ನಿಯಮಗಳೆಲ್ಲ ಇದರಿಂದಲೇ ಹೊರಡುತ್ತವೆ. ಮೂಗು ಸೋರುವುದು, ಗಂಟಲು ಕೆರೆತ, ಒಂದೆರಡು ದಿನದ ಜ್ವರ ಇವೆಲ್ಲ ಆ ಕಾವಲು ಕೆಲಸ ಮಾಡುತ್ತಿರುವುದರ ಗುರುತುಗಳು. ಅವನ್ನು ಔಷಧದಿಂದ ಅಡಗಿಸಲು ಹೋಗಬಾರದು. ಮಗುವಿಗೆ ಹಿತವಾಗುವಷ್ಟು ಮಾಡಿದರೆ ಸಾಕು. ಮೂಗು ಕಟ್ಟಿ ಹಾಲು ಕುಡಿಯಲಾಗದ ಶಿಶುವಿಗೆ ಔಷಧದಂಗಡಿಯಲ್ಲಿ ಸಿಗುವ ಉಪ್ಪುನೀರಿನ ಮೂಗಿನ ಹನಿಯನ್ನು ಹಾಲೂಡುವ ಮುಂಚೆ ಹಾಕಿ. ಬಿಸಿನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡಬೇಡಿ. ಅದು ವೈರಸ್ಸಿಗೆ ಏನೂ ಮಾಡುವುದಿಲ್ಲ, ಪಾತ್ರೆ ಮಗುಚಿ ಮೈ ಸುಟ್ಟುಕೊಂಡ ಮಕ್ಕಳು ಮಾತ್ರ ಆಸ್ಪತ್ರೆಗೆ ಬರುತ್ತಾರೆ. ನೆಗಡಿಗೆಂದು ಮಾರುವ, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಎರಡೂ ಸೇರಿದ ಸಿರಪ್ಪನ್ನು 4 ವರ್ಷಕ್ಕಿಂತ ಚಿಕ್ಕವರಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಎಚ್ಚರಿಸಿದ್ದಾರೆ. ಆ್ಯಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ.

ಸ್ಟೀರಾಯ್ಡ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎರಡನೇ ಅಲೆಯಲ್ಲಿ ದೊಡ್ಡವರಿಗೆ ಬರೆದುಕೊಟ್ಟ ಚೀಟಿಯನ್ನು ನೋಡಿಕೊಂಡು ಅದನ್ನೇ ಮಕ್ಕಳಿಗೂ ಕೊಟ್ಟ ಮನೆಗಳಿವೆ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಮುಂತಾದವು ರೋಗನಿರೋಧಕ ಪ್ರತಿಕ್ರಿಯೆಯನ್ನೇ ತಗ್ಗಿಸುವ ಔಷಧಗಳು. ಬ್ರಿಟನ್ನಿನಲ್ಲಿ 2020ರಲ್ಲಿ ನಡೆದ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್‌ನಿಂದ ಜೀವ ಉಳಿದದ್ದು ಆಮ್ಲಜನಕ ಅಥವಾ ವೆಂಟಿಲೇಟರ್ ಬೇಕಾದವರಲ್ಲಿ ಮಾತ್ರ. ಆಮ್ಲಜನಕದ ಅಗತ್ಯವಿಲ್ಲದ ರೋಗಿಗಳಿಗೆ ಅದರಿಂದ ಲಾಭವಾಗಲಿಲ್ಲ. ಮೂಗಿನ ಕಾವಲು ಗೆಲ್ಲುತ್ತಿರುವ ಮೊದಲ ದಿನಗಳಲ್ಲಿ ಮಗುವಿಗೆ ಸ್ಟೀರಾಯ್ಡ್ ಕೊಡುವುದೆಂದರೆ ಕಾವಲುಗಾರನನ್ನೇ ಮಲಗಿಸಿದಂತೆ. ಮಕ್ಕಳ ಕೋವಿಡ್ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಲಕ್ಷಣವಿಲ್ಲದ ಮತ್ತು ಸೌಮ್ಯ ಸೋಂಕಿಗೆ ಸ್ಟೀರಾಯ್ಡ್ ಬೇಡವೆಂದೇ ಹೇಳಿತು. ಇದಕ್ಕೆ ಎರಡು ಅಪವಾದಗಳುಂಟು. ಆಸ್ತಮಾಕ್ಕೆ ನಿತ್ಯ ಸ್ಟೀರಾಯ್ಡ್ ಇರುವ ಇನ್‌ಹೇಲರ್ ತೆಗೆದುಕೊಳ್ಳುವ ಮಗು ಅದನ್ನು ನಿಲ್ಲಿಸಬಾರದು. ಒಮೈಕ್ರಾನ್ ಕಾಲದಿಂದ ಎಳೆಯ ಮಕ್ಕಳಲ್ಲಿ ಹೆಚ್ಚಾಗಿ ಕಂಡ ಕ್ರೂಪ್ ಎಂಬ ತೊಂದರೆಯಲ್ಲಿ, ಅಂದರೆ ನಾಯಿ ಬೊಗಳಿದಂಥ ಕೆಮ್ಮು ಮತ್ತು ಉಸಿರು ಒಳಗೆಳೆಯುವಾಗ ಕರ್ಕಶ ಸದ್ದು ಇದ್ದಾಗ, ವೈದ್ಯರು ಒಂದು ಬಾರಿ ಸ್ಟೀರಾಯ್ಡ್ ಕೊಡುತ್ತಾರೆ. ಅದು ಸರಿಯಾದ ಚಿಕಿತ್ಸೆಯೇ.

"ಇಮ್ಯುನಿಟಿ ಹೆಚ್ಚಿಸುವ" ಪುಡಿ, ಟಾನಿಕ್, ಕಷಾಯಗಳ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮಗುವಿನ ಮೂಗಿನಲ್ಲಿ ಇರುವ ಸಿದ್ಧತೆಯನ್ನು ಬಾಟಲಿಯಿಂದ ಕೊಂಡುತರಲು ಬರುವುದಿಲ್ಲ. ದೊಡ್ಡ ಮಗುವಿಗೆ ಶುಂಠಿ, ಮೆಣಸು, ತುಳಸಿಯ ತೆಳು ಕಷಾಯ ಗಂಟಲಿಗೆ ಹಿತವೆನಿಸಿದರೆ ಕೊಡಲು ಅಡ್ಡಿಯಿಲ್ಲ. ಆರು ತಿಂಗಳಾಗದ ಶಿಶುವಿಗೆ ಮಾತ್ರ ಬಜೆ ತೇದು ನೆಕ್ಕಿಸುವುದು, ಕಷಾಯ ಕುಡಿಸುವುದು ಬೇಡ. ತಾಯಿಯ ಹಾಲೊಂದೇ ಸಾಕು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು, ಅದರಿಂದ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ತಾಯಿಗೆ ಕೊರೊನಾ ಇದ್ದರೂ ಮಾಸ್ಕ್ ಧರಿಸಿ, ಕೈ ತೊಳೆದುಕೊಂಡು ಹಾಲೂಡಬಹುದು, ಊಡಬೇಕು. ಗರ್ಭದಲ್ಲಿರುವಾಗ ಹೊಕ್ಕುಳಬಳ್ಳಿಯ ಮೂಲಕ ಬಂದ ಪ್ರತಿಕಾಯಗಳು ಶಿಶುವಿನ ರಕ್ತದಲ್ಲಿರುತ್ತವೆ. ಮೂಗು, ಗಂಟಲು, ಕರುಳಿನ ಲೋಳೆಪೊರೆಯನ್ನು ಕಾಯುವ ಇನ್ನೊಂದು ಬಗೆಯ ಪ್ರತಿಕಾಯ ಎದೆಹಾಲಿನಲ್ಲಿ ಬರುತ್ತದೆ.

ಒಂದು ಎಚ್ಚರಿಕೆ. ರೋಗ ಹಗುರ ಎಂದಾಕ್ಷಣ ಮಗುವಿನಿಂದ ಸೋಂಕು ಹರಡುವುದಿಲ್ಲ ಎಂದುಕೊಳ್ಳಬೇಡಿ. ಮೆಲ್ಬರ್ನಿನ ಸಂಶೋಧಕರು ಮಕ್ಕಳ ಮತ್ತು ದೊಡ್ಡವರ ಮೂಗಿನ ಮಾದರಿಗಳನ್ನು ಹೋಲಿಸಿದಾಗ ವೈರಸ್ಸಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಅಜ್ಜಿಯ ಪಕ್ಕದಲ್ಲೇ ಮಲಗುವ ಅಭ್ಯಾಸವಿರುವ ಮಗುವಿಗೆ ಒಂದು ವಾರ ಬೇರೆ ಕಡೆ ಹಾಸಿಗೆ ಹಾಕಿ.

ಮೂರನೇ ಹೆಜ್ಜೆ: ಜ್ವರಕ್ಕೆ ಔಷಧವನ್ನು ತೂಕ ನೋಡಿ ಕೊಡಿ

ಮೈ ಬಿಸಿಯೇರುವುದು ರೋಗನಿರೋಧಕ ಪ್ರತಿಕ್ರಿಯೆಯ ಭಾಗವೇ ಆಗಿರುವುದರಿಂದ ಥರ್ಮಾಮೀಟರಿನ ಅಂಕಿಯನ್ನು ಇಳಿಸಲೆಂದೇ ಔಷಧ ಕೊಡಬೇಕಾಗಿಲ್ಲ. ಮಗು ಸಂಕಟಪಡುತ್ತಿದ್ದರೆ, ನೀರು ಕುಡಿಯಲು, ಮಲಗಲು ಆಗದಿದ್ದರೆ ಪ್ಯಾರಾಸಿಟಮಾಲ್ ಕೊಡಿ. ಪ್ರಮಾಣ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ನಾಲ್ಕರಿಂದ ಆರು ಗಂಟೆಗಳ ಅಂತರವಿರಬೇಕು, ದಿನಕ್ಕೆ ನಾಲ್ಕು ಬಾರಿ ಮೀರಬಾರದು.

ತಪ್ಪಾಗುವುದು ಸಾಮಾನ್ಯವಾಗಿ ಬಾಟಲಿಯಲ್ಲಿ. ನಮ್ಮ ಅಂಗಡಿಗಳಲ್ಲಿ ಈ ಔಷಧ 5 ಮಿ.ಲೀ.ಗೆ ಸುಮಾರು 120 ಮಿಲಿಗ್ರಾಂ ಇರುವ ಸಿರಪ್, 5 ಮಿ.ಲೀ.ಗೆ 250 ಮಿಲಿಗ್ರಾಂ ಇರುವ ಸಿರಪ್ ಮತ್ತು ಒಂದೇ ಮಿ.ಲೀ.ಗೆ 100 ಮಿಲಿಗ್ರಾಂ ಇರುವ ಶಿಶುಗಳ ಹನಿ, ಹೀಗೆ ಮೂರು ರೂಪದಲ್ಲಿ ಸಿಗುತ್ತದೆ. 10 ಕಿಲೋ ತೂಕದ ಮಗುವಿಗೆ ಒಮ್ಮೆಗೆ ಹೆಚ್ಚೆಂದರೆ 150 ಮಿಲಿಗ್ರಾಂ ಕೊಡಬಹುದು. 250ರ ಸಿರಪ್ಪಿನಲ್ಲಿ ಅದು 3 ಮಿ.ಲೀ., ಹನಿಯಲ್ಲಿ ಬರೀ ಒಂದೂವರೆ ಮಿ.ಲೀ. ಸಿರಪ್ ಎಂದು ತಿಳಿದು ಹನಿಯ ಬಾಟಲಿಯಿಂದ 5 ಮಿ.ಲೀ. ಕೊಟ್ಟರೆ 500 ಮಿಲಿಗ್ರಾಂ ಒಳಗೆ ಹೋಗುತ್ತದೆ. ಹೀಗೆ ದಿನಕ್ಕೆ ಮೂರು ನಾಲ್ಕು ಬಾರಿ ಆದರೆ ಯಕೃತ್ತು ಕೆಡುತ್ತದೆ. ಬಾಟಲಿಯ ಮೇಲಿನ ಅಂಕಿಯನ್ನು ಪ್ರತಿ ಸಲವೂ ಓದಿ. ಆಸ್ಪಿರಿನ್ ಮಾತ್ರೆಯನ್ನು ಮನೆಯಲ್ಲಿ ನೀವಾಗಿಯೇ ಕೊಡಲೇಬೇಡಿ, ವೈರಸ್ ಜ್ವರವಿರುವ ಮಕ್ಕಳಲ್ಲಿ ಅದರಿಂದ ರೈ ಸಿಂಡ್ರೋಮ್ ಎಂಬ, ಮಿದುಳು ಮತ್ತು ಯಕೃತ್ತಿನ ಗಂಭೀರ ಕಾಯಿಲೆ ಬರಬಹುದು.

ಜ್ವರಕ್ಕೆ ಲಂಘನವೇ ಮದ್ದು ಎಂಬ ನಂಬಿಕೆ ಮಕ್ಕಳಿಗೆ ಹೊಂದುವುದಿಲ್ಲ. ಹಸಿವಿಲ್ಲದ ಮಗುವಿಗೆ ಒತ್ತಾಯದ ಊಟ ಬೇಡ, ಆದರೆ ಗಂಜಿ, ತಿಳಿಸಾರು, ಮಜ್ಜಿಗೆ, ಎಳನೀರು, ರಾಗಿ ಅಂಬಲಿ ಇವುಗಳಲ್ಲಿ ಒಪ್ಪಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಲೇ ಇರಿ. ವಾಂತಿ ಭೇದಿ ಇದ್ದರೆ ಓಆರ್‌ಎಸ್ ಕೊಡಿ. ಆರೆಂಟು ಗಂಟೆಗಳಾದರೂ ಮೂತ್ರ ಹೋಗದಿದ್ದರೆ ನೀರಿನಂಶ ಕಡಿಮೆಯಾಗಿದೆ ಎಂದರ್ಥ.

ನಾಲ್ಕನೇ ಹೆಜ್ಜೆ: ಉಸಿರನ್ನು ಎಣಿಸಿ

ನಾಲ್ಕನೇ ದಿನದಿಂದ ಹತ್ತನೇ ದಿನದವರೆಗೆ ಪ್ರತಿಕಾಯಗಳೂ ಟಿ ಜೀವಕೋಶಗಳೂ ಕೆಲಸಕ್ಕಿಳಿಯುತ್ತವೆ. ಹೆಚ್ಚಿನ ಮಕ್ಕಳು ಅಷ್ಟರಲ್ಲಿ ಚೇತರಿಸಿಕೊಂಡಿರುತ್ತಾರೆ. ಮೂಗಿನ ಕಾವಲನ್ನು ದಾಟಿ ವೈರಸ್ ಶ್ವಾಸಕೋಶಕ್ಕೆ ಇಳಿದ ಮಗುವನ್ನು ಗುರುತಿಸಲು ಯಂತ್ರಕ್ಕಿಂತ ಮೊದಲು ನಿಮ್ಮ ಕಣ್ಣೇ ಸಾಕು. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಎದೆ ಹೊಟ್ಟೆಗಳು ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಶಿಶುವಿನಲ್ಲಿ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಐದು ವರ್ಷ ದಾಟಿದವರಲ್ಲಿ 30, ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು, ಆ ದಿನವೇ ವೈದ್ಯರಿಗೆ ತೋರಿಸಬೇಕು. ಪಲ್ಸ್ ಆಕ್ಸಿಮೀಟರ್ ಇದ್ದರೆ 94ಕ್ಕಿಂತ ಕೆಳಗಿನ ಅಂಕಿಗೂ ಇದೇ ಮಾತು. ಮಗುವಿನ ಚಿಕ್ಕ ಬೆರಳಿಗೆ ದೊಡ್ಡವರ ಯಂತ್ರ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಯಂತ್ರ ಒಳ್ಳೆಯ ಅಂಕಿ ತೋರಿಸಿದರೂ ಉಸಿರು ವೇಗವಾಗಿದ್ದರೆ ಕಣ್ಣನ್ನೇ ನಂಬಿ.

ಉಸಿರೆಳೆಯುವಾಗ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆಯುವುದು, ನರಳುವ ಸದ್ದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಹಾಲು ನೀರು ಏನನ್ನೂ ಕುಡಿಯದಿರುವುದು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮೂರು ತಿಂಗಳು ತುಂಬದ ಶಿಶುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ, ಕಾರಣ ಕೊರೊನಾ ಎಂದು ನಿಮಗೆ ಖಚಿತವಿದ್ದರೂ, ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಮಕ್ಕಳಿಗೆ ಏನೂ ಆಗುವುದಿಲ್ಲ ಎಂಬ ಮಾತು ಅನ್ವಯಿಸದ ಮಕ್ಕಳಿದ್ದಾರೆ. ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ದೀರ್ಘಕಾಲದ ಶ್ವಾಸಕೋಶ ಅಥವಾ ನರ-ಸ್ನಾಯು ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಡೌನ್ ಸಿಂಡ್ರೋಮ್ ಇರುವವರು, ಅತಿಯಾದ ಬೊಜ್ಜು ಅಥವಾ ತೀವ್ರ ಅಪೌಷ್ಟಿಕತೆ ಇರುವವರು ಮತ್ತು ವರ್ಷದೊಳಗಿನ ಶಿಶುಗಳು ಈ ಗುಂಪಿಗೆ ಸೇರುತ್ತಾರೆ. ಇಂಟರ್‌ಫೆರಾನ್ ತಯಾರಿಕೆಯಲ್ಲೇ ಹುಟ್ಟಿನಿಂದ ದೋಷವಿರುವ ಕೆಲವೇ ಮಕ್ಕಳಲ್ಲಿ ಕೊರೊನಾ ನ್ಯುಮೋನಿಯಾ ತೀವ್ರವಾದದ್ದು ಸಂಶೋಧನೆಯಲ್ಲಿ ಕಂಡಿದೆ. ಮೊದಲ ಕಾವಲು ಎಷ್ಟು ಮುಖ್ಯವೆಂಬುದು ಅದಿಲ್ಲದ ಮಕ್ಕಳನ್ನು ನೋಡಿದಾಗಲೇ ಪೂರ್ತಿ ಅರ್ಥವಾಗುತ್ತದೆ. ಇಂಥ ಮಕ್ಕಳಿಗೆ ಲಕ್ಷಣ ಕಂಡ ಮೊದಲ ದಿನವೇ, ಅವರನ್ನು ಮೊದಲಿನಿಂದ ನೋಡುತ್ತಿರುವ ವೈದ್ಯರಿಗೆ ಫೋನ್ ಮಾಡಿ.

ಐದನೇ ಹೆಜ್ಜೆ: ಪ್ರತಿಕಾಯ ಪರೀಕ್ಷೆಯ ವರದಿಯನ್ನು ಸರಿಯಾಗಿ ಓದಿ

"ಮಗುವಿಗೆ ಕೊರೊನಾ ಬಂದುಹೋಗಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದೆವು, ನೆಗೆಟಿವ್ ಬಂತು" ಎಂದು ಹೇಳುವವರಿಗೆ ಮೆಲ್ಬರ್ನಿನ ಅದೇ ಅಧ್ಯಯನವನ್ನು ನೆನಪಿಸಬೇಕಾಗುತ್ತದೆ. ಪರೀಕ್ಷೆಯಲ್ಲಿ ಸೋಂಕು ದೃಢಪಟ್ಟು, ರೋಗ ಸೌಮ್ಯವಾಗಿದ್ದವರಲ್ಲಿ ದೊಡ್ಡವರ ಪೈಕಿ ಶೇ 76ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯ ಕಂಡುಬಂದರೆ, ಮಕ್ಕಳ ಪೈಕಿ ಕಂಡದ್ದು ಶೇ 37ರಲ್ಲಿ ಮಾತ್ರ. ವೈರಸ್ಸನ್ನು ಮೂಗಿನಲ್ಲೇ ಬೇಗ ಮುಗಿಸಿದ ದೇಹಕ್ಕೆ ರಕ್ತದಲ್ಲಿ ದೊಡ್ಡ ಸೈನ್ಯ ಕಟ್ಟುವ ಅಗತ್ಯ ಬಿದ್ದಿರಲಿಕ್ಕಿಲ್ಲ ಎಂಬುದು ಇದಕ್ಕೆ ಒಂದು ವಿವರಣೆ.

ಇನ್ನೊಂದು ಸೂಕ್ಷ್ಮವೂ ಇದೆ. ಪ್ರಯೋಗಾಲಯಗಳು ವೈರಸ್ಸಿನ ಮೇಲ್ಮೈಯ ಸ್ಪೈಕ್ ಪ್ರೊಟೀನಿಗೆ ಹುಟ್ಟಿದ ಪ್ರತಿಕಾಯವನ್ನೋ, ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೊಟೀನಿಗೆ ಹುಟ್ಟಿದ್ದನ್ನೋ ಹುಡುಕುತ್ತವೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಮಕ್ಕಳು ಮುಖ್ಯವಾಗಿ ಸ್ಪೈಕಿಗೆ ಪ್ರತಿಕಾಯ ಬೆಳೆಸಿದ್ದರು, ಎರಡನೆಯದಕ್ಕೆ ಕಡಿಮೆ. ಹಾಗಾಗಿ ಎರಡನೆಯದನ್ನು ಮಾತ್ರ ಹುಡುಕುವ ಪರೀಕ್ಷೆ ಮಗುವಿನ ಸೋಂಕನ್ನು ಕಾಣದೆ ಹೋಗಬಹುದು. ಲಸಿಕೆ ಪಡೆದ ಮಗುವಿನಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ: ಭಾರತದಲ್ಲಿ 2022ರ ಜನವರಿ 3ರಿಂದ 15ರಿಂದ 18 ವರ್ಷದವರಿಗೆ ಕೊಟ್ಟ ಕೊವ್ಯಾಕ್ಸಿನ್ ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ್ದರಿಂದ ಎರಡೂ ಬಗೆಯ ಪ್ರತಿಕಾಯ ಹುಟ್ಟಿಸಬಲ್ಲದು, ಅದೇ ವರ್ಷ ಮಾರ್ಚ್ 16ರಿಂದ 12ರಿಂದ 14 ವರ್ಷದವರಿಗೆ ಕೊಟ್ಟ ಕೊರ್ಬಿವ್ಯಾಕ್ಸ್ ಸ್ಪೈಕಿನ ಒಂದು ತುಣುಕಿನಿಂದ ಮಾಡಿದ್ದು. ಆರೋಗ್ಯವಾಗಿರುವ ಮಗುವಿಗೆ ಕುತೂಹಲಕ್ಕೆಂದು ಈ ಪರೀಕ್ಷೆ ಮಾಡಿಸುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ. ರಕ್ತದಲ್ಲಿ ಪ್ರತಿಕಾಯ ಕಡಿಮೆ ಎಂದರೆ ದೇಹಕ್ಕೆ ಆ ವೈರಸ್ಸಿನ ನೆನಪು ಇಲ್ಲವೆಂದೂ ಅಲ್ಲ, ಎಲ್ಲ ಮಕ್ಕಳಲ್ಲೂ ಪ್ರತಿಕಾಯ ಕಡಿಮೆಯೇ ಇರುತ್ತದೆಂದೂ ಅಲ್ಲ. ಮೇಲೆ ಹೇಳಿದ ಸಿನ್ಸಿನಾಟಿಯ ಎಳೆಯ ಮಕ್ಕಳಲ್ಲಿ ಪ್ರತಿಕಾಯಗಳು 300 ದಿನಗಳವರೆಗೂ ಕುಗ್ಗದೆ ಉಳಿದಿದ್ದವು.

ಆರನೇ ಹೆಜ್ಜೆ: ಎರಡನೇ ವಾರದಿಂದ ಆರನೇ ವಾರದವರೆಗೆ ಕಣ್ಣಿಟ್ಟಿರಿ

2020ರ ಏಪ್ರಿಲ್ ಕೊನೆಯಲ್ಲಿ ಬ್ರಿಟನ್ನಿನ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಮೊದಲು ಆರೋಗ್ಯವಾಗಿದ್ದ ಮಕ್ಕಳು ಬಿಡದ ಜ್ವರ, ಹೊಟ್ಟೆನೋವು, ದದ್ದು, ಕುಸಿದ ರಕ್ತದೊತ್ತಡದೊಂದಿಗೆ ತುರ್ತು ನಿಗಾ ಘಟಕಕ್ಕೆ ಬರತೊಡಗಿದ್ದರು. ಲಂಡನ್ನಿನ ಎವಲಿನಾ ಮಕ್ಕಳ ಆಸ್ಪತ್ರೆಯ ವೈದ್ಯರು ಇಂಥ ಎಂಟು ಮಕ್ಕಳ ವಿವರ ಪ್ರಕಟಿಸಿದರು. ಇಟಲಿಯ ಬೆರ್ಗಾಮೊದಲ್ಲಿ, ಜಪಾನಿನ ತೊಮಿಸಾಕು ಕವಾಸಾಕಿ ಅವರು 1967ರಲ್ಲಿ ವಿವರಿಸಿದ ಕವಾಸಾಕಿ ಕಾಯಿಲೆಯನ್ನು (ಮಕ್ಕಳ ರಕ್ತನಾಳಗಳ ಉರಿಯೂತ) ಹೋಲುವ ಪ್ರಕರಣಗಳು 30 ಪಟ್ಟು ಏರಿದ್ದವು. ಮಕ್ಕಳ ಬಹು ಅಂಗಾಂಗ ಉರಿಯೂತ, ಚಿಕ್ಕದಾಗಿ ಎಂಐಎಸ್-ಸಿ ಎಂದು ಕರೆಯಲಾದ ಈ ಕಾಯಿಲೆಯನ್ನು 2021ರ ಮೇ, ಜೂನ್ ತಿಂಗಳಲ್ಲಿ, ಎರಡನೇ ಅಲೆ ಇಳಿಯುತ್ತಿದ್ದಾಗ, ಕರ್ನಾಟಕದ ಮಕ್ಕಳ ವೈದ್ಯರೂ ಕಂಡರು.

ಇದು ವೈರಸ್ಸಿನ ನೇರ ದಾಳಿಯಲ್ಲ. ಮೂಗಿನಲ್ಲಿ ವೈರಸ್ ಆಗ ಬಹುಮಟ್ಟಿಗೆ ಹೋಗಿರುತ್ತದೆ. ಮೊದಲ ವಾರದಲ್ಲಿ ಶಾಂತವಾಗಿದ್ದ ರಕ್ತವೇ ಈಗ ಉರಿಯುತ್ತದೆ. ಈ ಮಕ್ಕಳಲ್ಲಿ ಟಿ ಜೀವಕೋಶಗಳ ಒಂದು ನಿರ್ದಿಷ್ಟ ಗುಂಪು ಅಳತೆ ಮೀರಿ ಬೆಳೆದಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ತೋರಿಸಿದಂತೆ, ಸುಮಾರು ಮೂರನೇ ಒಂದು ಭಾಗ ರೋಗಿಗಳಲ್ಲಿ, ವೈರಸ್ಸಿನ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೊಟೀನಿನ ಒಂದು ತುಣುಕಿಗೂ ನಮ್ಮದೇ ದೇಹದ ಎಸ್‌ಎನ್‌ಎಕ್ಸ್8 ಎಂಬ ಪ್ರೊಟೀನಿಗೂ ಇರುವ ಹೋಲಿಕೆಯಿಂದ ರೋಗನಿರೋಧಕ ವ್ಯವಸ್ಥೆ ಮೋಸಹೋಗಿ ತನ್ನದೇ ಅಂಗಾಂಶದ ಮೇಲೆ ತಿರುಗಿಬಿದ್ದಿತ್ತು. ಅಮೆರಿಕದಲ್ಲಿ 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕದಂತೆ 21 ವರ್ಷದೊಳಗಿನವರ ಪ್ರತಿ 10 ಲಕ್ಷ ಸೋಂಕಿಗೆ ಸುಮಾರು 316 ಮಂದಿಗೆ ಇದು ಬಂದಿತ್ತು. ಒಮೈಕ್ರಾನ್ ಬಂದ ಮೇಲೆ ಮತ್ತು ಲಸಿಕೆ ಹರಡಿದ ಮೇಲೆ ಪ್ರಮಾಣ ಬಹಳ ಇಳಿದಿದೆ. ಇಳಿದಿರುವುದರಿಂದಲೇ ಇದನ್ನು ಮರೆಯುವ ಅಪಾಯವೂ ಹೆಚ್ಚಿದೆ.

ಕ್ಯಾಲೆಂಡರಿನ ಎರಡು ಗುರುತುಗಳ ನಡುವೆ ಮಗುವಿಗೆ ಹೊಸದಾಗಿ ಜ್ವರ ಬಂದು ಮೂರು ದಿನವಾದರೂ ಬಿಡದಿದ್ದರೆ, ಅದರ ಜೊತೆಗೆ ಗೀಜು ಕಟ್ಟದೆ ಎರಡೂ ಕಣ್ಣು ಕೆಂಪಾಗಿದ್ದರೆ, ತುಟಿ ಕೆಂಪಾಗಿ ಒಡೆದಿದ್ದರೆ, ಮೈಮೇಲೆ ದದ್ದು ಎದ್ದಿದ್ದರೆ, ಕೈ ಕಾಲು ಊದಿಕೊಂಡಿದ್ದರೆ, ವಾಂತಿ ಭೇದಿ ಅಥವಾ ಜೋರಾದ ಹೊಟ್ಟೆನೋವಿದ್ದರೆ ಮಕ್ಕಳ ವೈದ್ಯರಿಗೆ ಅದೇ ದಿನ ತೋರಿಸಿ. ಜ್ವರದ ನಡುವೆ ಕೈಕಾಲು ತಣ್ಣಗಾಗುವುದು, ಎದ್ದು ನಿಂತರೆ ಕಣ್ಣುಕತ್ತಲೆ ಬರುವುದು, ಮೂತ್ರ ಕಡಿಮೆಯಾಗುವುದು, ಎದೆ ಡವಡವ ಎನ್ನುವುದು ರಕ್ತದೊತ್ತಡ ಇಳಿಯುತ್ತಿರುವ ಲಕ್ಷಣಗಳು. ಆಗ ಬೆಳಗಾಗುವವರೆಗೂ ಕಾಯಬಾರದು. ಹೊಟ್ಟೆನೋವು ಎಷ್ಟು ತೀವ್ರವಾಗಿರಬಹುದೆಂದರೆ ಅಪೆಂಡಿಸೈಟಿಸ್ ಎಂದು ಭಾವಿಸಿ ಶಸ್ತ್ರಚಿಕಿತ್ಸೆಯವರೆಗೂ ಹೋದದ್ದುಂಟು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದ ಡೆಂಗಿ, ಟೈಫಾಯಿಡ್, ಸ್ಕ್ರಬ್ ಟೈಫಸ್ ಜ್ವರಗಳೂ ಹೆಚ್ಚುಕಡಿಮೆ ಇದೇ ವೇಷದಲ್ಲಿ ಬರುತ್ತವೆ, ಆದರೆ ಚಿಕಿತ್ಸೆ ಮಾತ್ರ ಬೇರೆ. ಆದ್ದರಿಂದ ವೈದ್ಯರು ಅವುಗಳ ಪರೀಕ್ಷೆಯನ್ನೂ ಮಾಡಿಸಿದರೆ ವೃಥಾ ಖರ್ಚೆಂದು ತಿಳಿಯಬೇಡಿ. ಅವರ ಎದುರು ಕುಳಿತಾಗ ಮೊದಲ ವಾಕ್ಯವೇ ಇದಾಗಿರಲಿ: "ಮನೆಯಲ್ಲಿ ಇಂಥ ದಿನಾಂಕದಂದು ಕೊರೊನಾ ಇತ್ತು, ಇಂದಿಗೆ ಇಷ್ಟು ವಾರವಾಯಿತು." ಪ್ರತಿಕಾಯ ಪರೀಕ್ಷೆ ಕೈಕೊಟ್ಟರೂ ಈ ಒಂದು ವಾಕ್ಯ ವೈದ್ಯರ ಯೋಚನೆಗೆ ದಾರಿ ತೋರುತ್ತದೆ. ಆಮೇಲೆ ಅವರು ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ, ಇಎಸ್‌ಆರ್, ರಕ್ತಕಣಗಳ ಎಣಿಕೆ ನೋಡುತ್ತಾರೆ. ಸಂದೇಹ ಬಲವಾದರೆ ಹೃದಯದ ಎಕೋ ಸ್ಕ್ಯಾನ್ ಮಾಡಿಸುತ್ತಾರೆ. ಮಕ್ಕಳ ತುರ್ತು ನಿಗಾ ಘಟಕ ಮತ್ತು ಎಕೋ ಎರಡೂ ಇರುವ ಆಸ್ಪತ್ರೆ ನಿಮ್ಮ ಜಿಲ್ಲೆಯಲ್ಲಿ ಯಾವುದೆಂದು ಮೊದಲೇ ತಿಳಿದಿಟ್ಟುಕೊಳ್ಳಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುತ್ತವೆ.

ಚಿಕಿತ್ಸೆಯ ಬೆನ್ನೆಲುಬು ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಾವಿರಾರು ರಕ್ತದಾನಿಗಳಿಂದ ಸಂಗ್ರಹಿಸಿದ ಪ್ರತಿಕಾಯ. ಇದನ್ನು ಪ್ರತಿ ಕಿಲೋಗೆ 2 ಗ್ರಾಂನಂತೆ ರಕ್ತನಾಳದ ಮೂಲಕ ಕೊಡುತ್ತಾರೆ. 20 ಕಿಲೋ ಮಗುವಿಗೆ 40 ಗ್ರಾಂ. ಜೊತೆಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುವುದೂ ಸಾಮಾನ್ಯ. ಮೊದಲ ವಾರದಲ್ಲಿ ಬೇಡವೆಂದ ಔಷಧವೇ ಇಲ್ಲಿ ಜೀವ ಉಳಿಸುತ್ತದೆ, ಏಕೆಂದರೆ ಈಗ ತಗ್ಗಿಸಬೇಕಾಗಿರುವುದು ಪ್ರತಿಕ್ರಿಯೆಯನ್ನೇ. ಕಡಿಮೆ ಪ್ರಮಾಣದ ಆಸ್ಪಿರಿನ್ ಕೂಡ ವೈದ್ಯರ ಉಸ್ತುವಾರಿಯಲ್ಲಿ ಸೇರಬಹುದು. ಸಮಯಕ್ಕೆ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಬಹುಪಾಲು ಮಂದಿ ಗುಣವಾಗುತ್ತಾರೆ, ಅವರ ಹೃದಯದ ಬಲವೂ ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಮರಳುತ್ತದೆ.

ಏಳನೇ ಹೆಜ್ಜೆ: ಮನೆಗೆ ಬಂದ ಮೇಲೆ

ಸೌಮ್ಯ ಸೋಂಕು ಬಂದು ಹೋದ ಮಗು ಜ್ವರ ಬಿಟ್ಟು ಲವಲವಿಕೆ ಮರಳಿದ ಮೇಲೆ ಶಾಲೆಗೆ, ಆಟಕ್ಕೆ ಹೋಗಬಹುದು. ಕೆಲವು ಮಕ್ಕಳಲ್ಲಿ ಸುಸ್ತು, ತಲೆನೋವು, ನಿದ್ದೆಗೇಡು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ವಾರಗಟ್ಟಲೆ ಉಳಿಯುತ್ತದೆ. ದೊಡ್ಡವರಿಗಿಂತ ಇದು ಕಡಿಮೆ, ಆದರೆ ಇದ್ದಾಗ ಸೋಮಾರಿತನವೆಂದು ಗದರಬೇಡಿ. ಶಾಲೆಯ ಅವಧಿಯನ್ನು, ಆಟದ ಸಮಯವನ್ನು ನಿಧಾನವಾಗಿ ಹೆಚ್ಚಿಸಿ. ಮೂರು ತಿಂಗಳಾದರೂ ಉಳಿದರೆ ವೈದ್ಯರಿಗೆ ತೋರಿಸಿ.

ಎಂಐಎಸ್-ಸಿ ಬಂದಿದ್ದ ಮಗುವಿನ ವಿಷಯ ಬೇರೆ. ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ, ಮೂರರಿಂದ ಆರು ತಿಂಗಳವರೆಗೆ ಓಟ, ಕಬಡ್ಡಿ, ಈಜಿನಂಥ ಬಿರುಸಿನ ಆಟಗಳು ಬೇಡ. ಹೃದಯ ವೈದ್ಯರು ಎಕೋ ನೋಡಿ ಒಪ್ಪಿದ ಮೇಲೆ ಶುರುಮಾಡಬಹುದು. ಶಾಲೆಯ ದೈಹಿಕ ಶಿಕ್ಷಕರಿಗೆ ಇದನ್ನು ಚೀಟಿಯಲ್ಲಿ ಬರೆದು ತಿಳಿಸಿ. ಇನ್ನೊಂದು ವಿಷಯ ಆಸ್ಪತ್ರೆಯಿಂದ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ಬಿಟ್ಟುಹೋಗುವಂಥದ್ದು. ಇಮ್ಯುನೊಗ್ಲಾಬ್ಯುಲಿನ್‌ನಲ್ಲಿ ದಾನಿಗಳ ಪ್ರತಿಕಾಯಗಳಿರುವುದರಿಂದ, ಆಮೇಲೆ ಕೊಟ್ಟ ದಡಾರ-ರುಬೆಲ್ಲಾ ಮತ್ತು ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಲಸಿಕೆಯ ಜೀವಂತ ವೈರಸ್ಸನ್ನು ಅವು ಅಲ್ಲೇ ಮುಗಿಸಿಬಿಡುತ್ತವೆ; ಲಸಿಕೆ ಹಾಕಿಸಿಯೂ ಹಾಕಿಸದಂತಾಗುತ್ತದೆ. ಈ ಪ್ರಮಾಣದ ಔಷಧ ಪಡೆದ ಮಗುವಿಗೆ ಆ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಪೋಲಿಯೊ ಹನಿ, ಪೆಂಟಾವೇಲೆಂಟ್ ಮುಂತಾದ ಉಳಿದ ಲಸಿಕೆಗಳಿಗೆ ಈ ಔಷಧದಿಂದ ಅಡ್ಡಿಯಿಲ್ಲ. ಔಷಧ ಕೊಟ್ಟ ದಿನಾಂಕವನ್ನೂ ಪ್ರಮಾಣವನ್ನೂ ತಾಯಿ ಕಾರ್ಡಿನ ಲಸಿಕೆ ಪುಟದ ಮೇಲೆಯೇ ಎದ್ದು ಕಾಣುವಂತೆ ಬರೆಸಿಕೊಳ್ಳಿ. ಮುಂದಿನ ಬಾರಿ ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆ ತೆರೆದು ನೋಡುವುದು ಆ ಪುಟವನ್ನೇ.